ಟನಲಪ್ಪ

ಕ್ಲಸ್ಟರ್ ಇರುವ ಸಂಶೋಧನಾ ಸಂಸ್ಥೆಗಳಲ್ಲೆಲ್ಲ ಒಬ್ಬ ಟನಲಪ್ಪ ಇರುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿದೆ. ಅಲ್ಲಿ ಅವನು ಪಿಎಚ್‌ಡಿ ವಿದ್ಯಾರ್ಥಿ, ಸಾಮಾನ್ಯವಾಗಿ ಆರನೆಯ ವರ್ಷ ದಾಟಿದವನು. ಬೇರೆಯವರ ಲ್ಯಾಪ್‌ಟಾಪಿನಲ್ಲಿರುವ ಪ್ಯಾರಾವ್ಯೂ ಎಂಬ, ಲೆಕ್ಕದ ಡೇಟಾವನ್ನು ಚಿತ್ರವಾಗಿಸುವ ತಂತ್ರಾಂಶವನ್ನು ಕ್ಲಸ್ಟರಿನಲ್ಲಿ ಓಡುವ ಅದರ ಸರ್ವರಿಗೆ ಕೂಡಿಸಿಕೊಡುವುದು ಅವನ ಕಸುಬು. ಈ ಕಸುಬಿಗೆ ಸಂಬಳವಿಲ್ಲ, ಹುದ್ದೆಯಿಲ್ಲ, ರಜೆಯೂ ಇಲ್ಲ. ಬೆಂಗಳೂರಿನ ಹವೆ ಈ ತಳಿಗೆ ಚೆನ್ನಾಗಿ ಒಗ್ಗಿದೆ. ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಸಹಸ್ರಟಿ ಎಂಬ ಕ್ರೇ ಎಕ್ಸ್‌ಸಿ40 ಯಂತ್ರ ಬಂತು, 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಬಂತು. ಊರಿನ ಉಳಿದ ಪ್ರಯೋಗಾಲಯಗಳೂ ಕೈಲಾದಷ್ಟು ಗಾತ್ರದ ಕ್ಲಸ್ಟರುಗಳನ್ನು ಕಟ್ಟಿಕೊಂಡಿವೆ. ಇಲ್ಲಿ ವರ್ಣಿಸಿರುವ ಮಾದರಿ ಅಂಥದ್ದೊಂದು ಸಣ್ಣ ಕ್ಲಸ್ಟರಿನದು. ಸಂಸ್ಥೆಯ ಹೆಸರು ವಿಷಯಕ್ಕೆ ಬೇಕಿಲ್ಲ.

ಟನಲಪ್ಪ ಏಕೆ ಬೇಕಾದ ಎಂಬುದು ಬರಿಯ ಗುಣಾಕಾರ. ಮೂರೂ ದಿಕ್ಕಿಗೆ 1024 ಬಿಂದುಗಳಿರುವ ಜಾಲರಿಯಲ್ಲಿ ಗಾಳಿಯ ಹರಿವನ್ನು ಲೆಕ್ಕ ಹಾಕಿದರೆ ಒತ್ತಡವೊಂದನ್ನು ಬರೆದಿಡಲಿಕ್ಕೇ 8 ಗಿಗಾಬೈಟ್ ಬೇಕು. ವೇಗದ ಮೂರು ಘಟಕಗಳಿಗೆ ಇನ್ನೂ 24. ಇಷ್ಟೂ ಒಂದೇ ಕ್ಷಣದ ಸ್ಥಿತಿ. ಅಂಥ ನೂರು ಕ್ಷಣಗಳನ್ನು ಉಳಿಸಿದರೆ 3 ಟೆರಾಬೈಟ್ ಮೀರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಹಾಸ್ಟೆಲಿನ ವೈಫೈ ಒಪ್ಪುವುದಿಲ್ಲ, ಇಳಿಸಿದರೂ ಇಡಲು ಜಾಗವಿಲ್ಲ. ಆದರೆ ಅದೇ ಡೇಟಾದಿಂದ ಬರೆದ 1920×1080ರ ಒಂದು ಚಿತ್ರ, ಏನೂ ಹಿಂಡದೆ ಕಳಿಸಿದರೂ, 6 ಮೆಗಾಬೈಟ್ ಚಿಲ್ಲರೆ. ಆದ್ದರಿಂದ ಡೇಟಾ ಇದ್ದಲ್ಲೇ ಇರಲಿ, ಅದನ್ನು ಓದುವುದೂ ಸೀಳುವುದೂ ಬಣ್ಣ ಹಚ್ಚುವುದೂ ಅಲ್ಲೇ ನಡೆಯಲಿ, ಚಿತ್ರ ಮಾತ್ರ ಮೇಜಿಗೆ ಬರಲಿ ಎಂಬ ವ್ಯವಸ್ಥೆ ಹುಟ್ಟಿತು. ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಕಿಟ್‌ವೇರ್ ಕಂಪನಿ 2000ದಲ್ಲಿ ಜೊತೆಯಾಗಿ ಶುರುಮಾಡಿದ ಪ್ಯಾರಾವ್ಯೂ 2002ರ ಅಕ್ಟೋಬರಿನಲ್ಲಿ ಸಾರ್ವಜನಿಕರ ಕೈಗೆ ಬಂತು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ವಿಸಿಟ್ ಕೂಡ ಅದೇ ಕಾಲದ್ದು. ವಿಸಿಟ್ ತಾನಾಗಿಯೇ ಎಸ್‌ಎಸ್‌ಎಚ್ ಹಿಡಿದು ಆ ಕಡೆಗೆ ಹೋಗಿ ಅಲ್ಲಿನ ಎಂಜಿನ್ನನ್ನು ಎಬ್ಬಿಸಬಲ್ಲದು. ಟನಲಪ್ಪ ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಪ್ಯಾರಾವ್ಯೂವಿನ ವಿಧಾನ ಹೀಗೆ. ಕ್ಲಸ್ಟರಿನ ಒಂದು ನೋಡಿನಲ್ಲಿ, ಅಂದರೆ ಅದರ ಕಂಪ್ಯೂಟರುಗಳಲ್ಲೊಂದರಲ್ಲಿ, ಪಿವಿಸರ್ವರ್ ಎಂಬ ಪ್ರೋಗ್ರಾಮನ್ನು ಓಡಿಸಬೇಕು. ಅದು 11111ನೆಯ ಪೋರ್ಟಿನಲ್ಲಿ ಕಿವಿಯಿಟ್ಟು ಕ್ಲೈಂಟಿಗಾಗಿ ಕಾಯುತ್ತದೆ. ಹೊರಗಿನಿಂದ ನೇರವಾಗಿ ಆ ನೋಡನ್ನು ಮುಟ್ಟಲು ಸಾಧ್ಯವಿಲ್ಲ. ಹೊರಜಗತ್ತಿಗೆ ಕಾಣುವುದು ಲಾಗಿನ್ ನೋಡ್ ಒಂದೇ. ಹಾಗಾಗಿ ಎಸ್‌ಎಸ್‌ಎಚ್‌ನಿಂದ ಒಂದು ಟನಲ್ ಕೊರೆದು, ಲ್ಯಾಪ್‌ಟಾಪಿನ 11111ಕ್ಕೆ ಬಂದದ್ದನ್ನು ಲಾಗಿನ್ ನೋಡಿನ ಮೂಲಕ ಒಳಗಿನ ನೋಡಿನ 11111ಕ್ಕೆ ದಾಟಿಸಬೇಕು. ಆಮೇಲೆ ಪ್ಯಾರಾವ್ಯೂ ತೆರೆದು ಲೋಕಲ್‌ಹೋಸ್ಟಿಗೆ ಕನೆಕ್ಟ್ ಎಂದರೆ ಮುಗಿಯಿತು. ತೊಡಕು ಇರುವುದು ಒಂದೆರಡು ಕಡೆ ಮಾತ್ರ. ಕೆಲಸವನ್ನು ಸ್ಲರ್ಮ್ ಸರದಿಗೆ ಹಾಕಿದರೆ ಯಾವ ನೋಡು ಸಿಗುತ್ತದೆಂಬುದು ಸರದಿ ಬಂದ ಮೇಲೆಯೇ ತಿಳಿಯುತ್ತದೆ, ಅಲ್ಲಿಯವರೆಗೆ ಟನಲ್ ಎಲ್ಲಿಗೆಂದು ಕೊರೆಯುವುದು? ಮತ್ತೆ, ಎರಡೂ ಕಡೆಯ ಪ್ಯಾರಾವ್ಯೂ ಒಂದೇ ಆವೃತ್ತಿಯದಾಗಿರಬೇಕು. ಒಟ್ಟಿನಲ್ಲಿ ಬೈಟೂ ಕಾಫಿ ಮುಗಿಯುವಷ್ಟರಲ್ಲಿ ಹೇಳಿಕೊಡಬಹುದಾದ ವಿದ್ಯೆ.

ಟನಲಪ್ಪ ಹೇಳಿಕೊಡುವುದಿಲ್ಲ. ಅವನು ಮಾಡಿಕೊಡುತ್ತಾನೆ. ಈ ಎರಡರ ನಡುವಿನ ಅಂತರವೇ ಅವನ ಸಾಮ್ರಾಜ್ಯ.

ಕರೆದಾಗ ಬರುತ್ತಾನೆ, "ಸ್ವಲ್ಪ ಸರೀರಿ" ಎಂದು ಕುರ್ಚಿ ತೆಗೆದುಕೊಳ್ಳುತ್ತಾನೆ. ಟರ್ಮಿನಲ್ಲಿನ ಅಕ್ಷರವನ್ನು ತನ್ನ ಕಣ್ಣಿಗೆ ಮಾತ್ರ ಕಾಣುವಷ್ಟು ಚಿಕ್ಕದು ಮಾಡುತ್ತಾನೆ. ಉದ್ದನೆಯ ಸಾಲೊಂದನ್ನು ಒಂದೇ ಉಸಿರಿಗೆ ಹೊಡೆದು, ಎಂಟರ್ ಒತ್ತಿ, ಕೂಡಲೇ ಕ್ಲಿಯರ್ ಎಂದು ಟೈಪಿಸಿ ಪರದೆ ಒರೆಸುತ್ತಾನೆ. "ಆಯ್ತು, ನೋಡಿ." ಅವನು ಬಾಗಿಲು ದಾಟಿದ ಮೇಲೆ ಮೇಲ್‌ಬಾಣದ ಕೀಲಿ ಒತ್ತಿ ಆ ಸಾಲನ್ನು ಹಿಡಿಯಬಹುದೆಂದು ಬಳಕೆದಾರರು ಭಾವಿಸುತ್ತಾರೆ. ಅದೂ ಆಗದು. ಆಜ್ಞೆಯ ಮುಂದೆ ಒಂದು ಸ್ಪೇಸ್ ಬಿಟ್ಟರೆ ಬ್ಯಾಷ್ ಅದನ್ನು ಹಿಸ್ಟರಿಯಲ್ಲಿ ಬರೆದುಕೊಳ್ಳದಂತೆ ಇಡಬಹುದು. ಉಬುಂಟುವಿನಲ್ಲಿ ಮೊದಲಿನಿಂದಲೇ ಹಾಗೆ ಇರುತ್ತದೆ. ಟನಲಪ್ಪ ಪ್ರತಿ ಸಾಲಿನ ಮುಂದೆಯೂ ಸ್ಪೇಸ್ ಬಿಡುತ್ತಾನೆ. ಹಳೆಯ ಕಾಲದ ಶಾನುಭೋಗರು ಇಡೀ ಊರಿನ ಜಮೀನಿನ ಲೆಕ್ಕವನ್ನು ತಮಗೆ ಮಾತ್ರ ಬಿಡಿಸಲು ಬರುವ ಮೋಡಿಯಲ್ಲಿ ಬರೆದಿಡುತ್ತಿದ್ದ ಪರಿಯೇ ಇದು. ಬರೆದಾದರೂ ಇಡುತ್ತಿದ್ದರು ಎಂಬುದು ಶಾನುಭೋಗರ ಹೆಚ್ಚುಗಾರಿಕೆ.

ಈ ಪದ್ಧತಿಯ ಫಲ ಏನೆಂಬುದಕ್ಕೆ ಒಂದು ಭಾನುವಾರದ ಪ್ರಕರಣ ಸಾಕು. ಒಬ್ಬ ಬಳಕೆದಾರ ಸೋಮವಾರ ಬೆಳಿಗ್ಗೆ ಪರಿಶೀಲನಾ ಸಮಿತಿಯ ಮುಂದೆ ತನ್ನ ಹರಿವಿನ ಸುಳಿಗಳನ್ನು ತಿರುಗಿಸಿ ತೋರಿಸಬೇಕಿತ್ತು. ಆ ಬಳಕೆದಾರ ಯಾರೆಂಬುದು ಇಲ್ಲಿ ಅಪ್ರಸ್ತುತ. ಅವನು ಬಲು ವಿದ್ಯಾವಂತ, ಆಂಶಿಕ ಅವಕಲ ಸಮೀಕರಣಗಳನ್ನು ಬಿಡಿಸಬಲ್ಲವನು, ಪೋರ್ಟ್ ಎಂದರೆ ಮಂಗಳೂರು ಎಂದಷ್ಟೇ ತಿಳಿದವನು. ಸಂಜೆ ಕನೆಕ್ಟ್ ಒತ್ತಿದಾಗ ಹ್ಯಾಂಡ್‌ಶೇಕ್ ಆಗಲಿಲ್ಲವೆಂದೂ, ಅದಕ್ಕೆ ಇಂಥಿಂಥ ಕಾರಣಗಳು ಇರಬಹುದೆಂದೂ ಪ್ಯಾರಾವ್ಯೂ ಒಂದು ಕೆಂಪು ಪುರಾಣ ಬಿಚ್ಚಿತು. ಟನಲಪ್ಪನಿಗೆ ಫೋನು ಹೋಯಿತು. ಅವನು ಹಲೋ ಎನ್ನುವುದಿಲ್ಲ.

"ವರ್ಷನ್?"

ಲ್ಯಾಪ್‌ಟಾಪಿನಲ್ಲಿ 5.11, ಕ್ಲಸ್ಟರಿನಲ್ಲಿ 5.10. ಹೊಸದು ಬಂತೆಂದು ಅಪ್‌ಡೇಟ್ ಮಾಡಿದ್ದು ಯಾರು, ಏಕೆ ಎಂಬ ವಿಚಾರಣೆ ನಡೆಯಿತು. ಹಳೆಯದನ್ನು ಇಳಿಸಿಕೊಳ್ಳುವಷ್ಟರಲ್ಲಿ ರಾತ್ರಿ ಊಟದ ಹೊತ್ತು ಮೀರಿತು. ಆಮೇಲೆ ಕನೆಕ್ಟ್ ಒತ್ತಿದರೆ ಒಂದೇ ಏಟಿಗೆ ಆಯಿತು. ಬಳಕೆದಾರ ಹಿಗ್ಗಿ ಫೈಲ್ ತೆರೆಯಲು ಹೋದ. ಸರ್ವರಿಗೆ ಕೂಡಿಕೊಂಡಾಗ ಪ್ಯಾರಾವ್ಯೂ ತೋರಿಸುವುದು ಲ್ಯಾಪ್‌ಟಾಪಿನ ಫೋಲ್ಡರುಗಳನ್ನಲ್ಲ, ಸರ್ವರ್ ಕಡೆಯವನ್ನು. ಅಲ್ಲಿ ಕಂಡ ಫೋಲ್ಡರುಗಳಲ್ಲಿ ಒಂದೂ ಅವನದಾಗಿರಲಿಲ್ಲ.

ನಡೆದದ್ದು ಇಷ್ಟು. ಎಲ್ಲರೂ ಹಂಚಿಕೊಳ್ಳುವ ಗ್ರಾಫಿಕ್ಸ್ ನೋಡಿನಲ್ಲಿ ಟನಲಪ್ಪ ಯಾವಾಗಲೋ ಪರೀಕ್ಷೆಗೆಂದು ಒಂದು ಪಿವಿಸರ್ವರ್ ಓಡಿಸಿ ಮರೆತಿದ್ದ. ಕ್ಲೈಂಟ್ ಬಾರದಿದ್ದರೆ ಪಿವಿಸರ್ವರ್ ಬೇಸರಪಡದೆ ಕಾಯುತ್ತದೆ, 11111ನ್ನೂ ಬಿಟ್ಟುಕೊಡುವುದಿಲ್ಲ. ಬಳಕೆದಾರನ ಸ್ವಂತ ಸರ್ವರ್ ಅದೇ ಪೋರ್ಟ್ ಕೇಳಿ, ಸಿಗದೆ, ಯಾರೂ ಓದದ ಲಾಗ್ ಕಡತದಲ್ಲಿ ಒಂದು ಸಾಲು ಬರೆದು ಪ್ರಾಣ ಬಿಟ್ಟಿತ್ತು. ಟನಲ್ ಮಾತ್ರ ನಿಷ್ಠೆಯಿಂದ ಅವನನ್ನು ಒಯ್ದು ಟನಲಪ್ಪನ ಸರ್ವರಿನೊಳಗೆ ಬಿಟ್ಟಿತ್ತು. ಪಿವಿಸರ್ವರ್ ಪಾಸ್‌ವರ್ಡ್ ಕೇಳುವುದಿಲ್ಲ. ಪೋರ್ಟಿನ ತನಕ ಬಂದವರನ್ನು, ಆವೃತ್ತಿ ಹೊಂದಿದರೆ, ಒಳಗೆ ಬಿಡುತ್ತದೆ. ಅದನ್ನು ಓಡಿಸಿದವನಿಗೆ ಏನೆಲ್ಲ ಕಾಣುತ್ತದೋ ಅದೆಲ್ಲವನ್ನೂ ತೋರಿಸುತ್ತದೆ. ಬೇಡವೆಂದರೆ ಕನೆಕ್ಟ್‌ಐಡಿ ಎಂಬ ಗುರುತಿನ ಸಂಖ್ಯೆ ಇಟ್ಟುಕೊಳ್ಳಲು ಅವಕಾಶವಿದೆ. ಅದನ್ನು ಊರಿಗೆಲ್ಲ ಬೋಧಿಸುತ್ತಿದ್ದವನು ಟನಲಪ್ಪನೇ.

ಹೀಗೆ ಅನುಮತಿಯಿಲ್ಲದೆ ತೆರೆದುಕೊಂಡ ಆ ಪಟ್ಟಿಯಲ್ಲಿ ಫೋಲ್ಡರಿನ ಹೆಸರು, ಪಕ್ಕದಲ್ಲಿ ಕೊನೆಯ ಬದಲಾವಣೆಯ ತಾರೀಖು. ಸ್ಕ್ರಿಪ್ಟುಗಳ ಫೋಲ್ಡರು: ನಿನ್ನೆ. ಕೀರ್ತಿಗೆ ಹೆಲ್ಪ್, ಸುಹಾಸನಿಗೆ ಹೆಲ್ಪ್, ಮೇಡಂ ಡೆಮೊ ಎಂಬ ಫೋಲ್ಡರುಗಳು: ಈ ತಿಂಗಳು, ಕಳೆದ ತಿಂಗಳು. ಅಧ್ಯಾಯ ನಾಲ್ಕು: ಮೂರು ವರ್ಷದ ಹಿಂದಿನ ಒಂದು ಜುಲೈ. ಅಧ್ಯಾಯ ಐದು ಇರಲೇ ಇಲ್ಲ.

ಬಳಕೆದಾರ ಕಿಟಕಿ ಮುಚ್ಚಿ, ಬೇರೆಯವರ ಸರ್ವರಿಗೆ ಹೋಗಿಬಿಟ್ಟೆನೆಂದಷ್ಟೇ ಫೋನಿನಲ್ಲಿ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಹತ್ತು ನಿಮಿಷದಲ್ಲಿ ಟನಲಪ್ಪ ಪಂಚೆಯ ಮೇಲೆ ಸ್ವೆಟರ್ ಹಾಕಿಕೊಂಡು ಸೈಕಲ್ಲಿನಲ್ಲಿ ಬಂದ. ಎಂದಿನಂತೆ ಸರೀರಿ ಎಂದ, ಸ್ಪೇಸ್ ಬಿಟ್ಟ, 11112ರಲ್ಲಿ ಹೊಸ ಸರ್ವರ್ ಎಬ್ಬಿಸಿದ, ಕ್ಲಿಯರ್ ಹೊಡೆದ. ಎದ್ದು ಮಾತ್ರ ಹೋಗಲಿಲ್ಲ. ಪರದೆಯ ಮೇಲೆ ಕ್ಯೂ ಕ್ರೈಟೀರಿಯನ್ನಿನ ಸಮಮೌಲ್ಯ ಮೇಲ್ಮೈಗಳು ಮೂಡುತ್ತಿದ್ದವು. ಹರಿವಿನಲ್ಲಿ ಸುಳಿ ಎಲ್ಲಿದೆಯೆಂದು ಗುರುತಿಸಲು ಹಂಟ್, ರೇ ಮತ್ತು ಮೊಯಿನ್ 1988ರಲ್ಲಿ ಸೂಚಿಸಿದ ಅಳತೆ ಅದು. ಟನಲಪ್ಪ ನಿಂತೇ ನೋಡಿ, "ಮೌಲ್ಯ ಜಾಸ್ತಿಯಾಯ್ತು, ಇಳಿಸಿ" ಎಂದ. ಇಳಿಸಿದಾಗ ದಪ್ಪ ಸುಳಿಗಳ ನಡುವೆ ಅವುಗಳನ್ನು ಸುತ್ತಿಕೊಂಡಿದ್ದ ತೆಳ್ಳನೆಯ ಸುಳಿಗಳು ಎದ್ದು ಬಂದವು. ಮಾರನೆಯ ದಿನ ಸಮಿತಿ ಮೆಚ್ಚಿದ್ದು ಅವುಗಳನ್ನೇ. ಬಳಕೆದಾರನ ಪ್ರಬಂಧದಲ್ಲಿ ಟನಲಪ್ಪನಿಗೆ ಸಂದದ್ದು ಕೃತಜ್ಞತೆಯ ಪುಟದಲ್ಲಿ "ತಾಂತ್ರಿಕ ನೆರವು" ಎಂಬ ಎರಡು ಪದ.

ಟನಲಪ್ಪನ ಇತರ ಲಕ್ಷಣಗಳು ಎಲ್ಲ ಊರಿನ ಮಾದರಿಗಳಿಗೂ ಸಾಮಾನ್ಯ. ಕ್ಲಸ್ಟರಿನ ನೋಡುಗಳಿಗೆ ಮಾನಿಟರ್ ಇರುವುದಿಲ್ಲ. ಡಿಸ್‌ಪ್ಲೇ ಹುಡುಕಿ ಸಿಗದೆ ಸರ್ವರ್ ಬಿದ್ದುಹೋಗುವುದು ಹೊಸಬರ ಮೊದಲ ಅನುಭವ. ಪರದೆಯಿಲ್ಲದೆ ಚಿತ್ರ ಬರೆಯಬಲ್ಲ ಇಜಿಎಲ್ ಮತ್ತು ಮೆಸಾ ಆವೃತ್ತಿಗಳು ಸಿದ್ಧರೂಪದಲ್ಲೇ ಸಿಗುತ್ತವೆ. ಟನಲಪ್ಪ ಅವನ್ನು ಮುಟ್ಟುವುದಿಲ್ಲ. ತಾನೇ ಕಂಪೈಲ್ ಮಾಡುತ್ತಾನೆ, ಅದಕ್ಕೆ ವಾರ ಹಿಡಿದರೂ ಸರಿ. ರಿವರ್ಸ್ ಕನೆಕ್ಷನ್ ಎಂಬ ಮಾತು ಕೇಳಿದರೆ ಅವನಿಗೆ ಮೈ ಉರಿಯುತ್ತದೆ. ಅದರಲ್ಲಿ ಸರ್ವರೇ ಕ್ಲೈಂಟನ್ನು ಹುಡುಕಿಕೊಂಡು ಬರಬೇಕು. ಆದರೆ ಎಸ್‌ಎಸ್‌ಎಚ್ ಹಿಮ್ಮುಖವಾಗಿ ತೆರೆದ ಪೋರ್ಟು, ಗೇಟ್‌ವೇಪೋರ್ಟ್ಸ್ ಎಂಬ ಅನುಮತಿ ಇಲ್ಲದಿದ್ದರೆ, ಲಾಗಿನ್ ನೋಡಿನ ಒಳಗೇ ಉಳಿಯುತ್ತದೆ, ಕಂಪ್ಯೂಟ್ ನೋಡಿಗೆ ಸಿಗುವುದಿಲ್ಲ. ಈ ಅನುಮತಿಗಾಗಿ ಕ್ಲಸ್ಟರಿನ ಆಡಳಿತಗಾರನಿಗೂ ಅವನಿಗೂ ನಡೆದ ಪತ್ರವ್ಯವಹಾರ ಒಂದು ಪ್ರತ್ಯೇಕ ಸಂಪುಟ. ಪ್ರಾಧ್ಯಾಪಕರು ಕಾರಣ ಕೇಳಿದರೆ "ಸರ್, ಫೈರ್‌ವಾಲ್" ಎನ್ನುತ್ತಾನೆ. ಅವರು ತಲೆಯಾಡಿಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಅವನ ಸೊನ್ನೆ. ಚಿತ್ರವನ್ನು ಯಾವ ಕಡೆ ಬರೆಯಬೇಕೆಂದು ನಿರ್ಧರಿಸಲು ಪ್ಯಾರಾವ್ಯೂವಿನಲ್ಲಿ ಒಂದು ಮಿತಿಯಿದೆ, ತಯಾರಕರು ಅದನ್ನು 20 ಮೆಗಾಬೈಟಿಗೆ ಇಟ್ಟಿದ್ದಾರೆ. ಮೇಲ್ಮೈಯ ಗಾತ್ರ ಅದಕ್ಕಿಂತ ಕಡಿಮೆಯಿದ್ದರೆ ಅದೇ ಲ್ಯಾಪ್‌ಟಾಪಿಗೆ ಬಂದುಬಿಡುತ್ತದೆ, ಅಲ್ಲಿ ಬುಗುರಿಯಂತೆ ತಿರುಗುತ್ತದೆ; ಹೆಚ್ಚಿದ್ದರೆ ಸರ್ವರೇ ಚಿತ್ರ ಬರೆದು ಕಳಿಸುತ್ತದೆ. ಟನಲಪ್ಪ ಕೈಯಿಟ್ಟ ಪ್ರತಿಯೊಂದು ಲ್ಯಾಪ್‌ಟಾಪಿನಲ್ಲೂ ಈ ಮಿತಿ ಸೊನ್ನೆ. ಅಂದರೆ ಒಂದು ಖಾಲಿ ಪೆಟ್ಟಿಗೆಯನ್ನು ತಿರುಗಿಸಿದರೂ ಚಿತ್ರ ಕ್ಲಸ್ಟರಿನಿಂದಲೇ ಬರಬೇಕು, ವೈಫೈ ಇದ್ದ ಹಾಗೆ ಮುಗ್ಗರಿಸಿಕೊಂಡು ಬರಬೇಕು. ಮಿತಿಯನ್ನು ಮತ್ತೆ 20ಕ್ಕೆ ಏರಿಸಿದವರು ಅದನ್ನು ಅವನಿಗೆ ಹೇಳುವುದಿಲ್ಲ.

ಆಜ್ಞೆಯನ್ನು ಅವನು ಏಕೆ ಬಚ್ಚಿಡುತ್ತಾನೆಂದು ಬೈಯುವ ಮುನ್ನ ಸಂಸ್ಥೆಯ ಲೆಕ್ಕವನ್ನೂ ನೋಡಬೇಕು. ಅಲ್ಲಿ ಎಣಿಸುವುದು ಪ್ರಕಟವಾದ ಲೇಖನಗಳನ್ನು. ಅಂಥ ಲೇಖನಗಳ ಅರ್ಧದಷ್ಟು ಚಿತ್ರಗಳು ಅವನ ಟನಲಿನಿಂದ ಬಂದರೂ ಲೇಖಕರ ಪಟ್ಟಿಯಲ್ಲಿ ಅವನಿಲ್ಲ. ಲಕ್ಷಗಟ್ಟಲೆ ಕೊಟ್ಟು ಗ್ರಾಫಿಕ್ಸ್ ನೋಡು ಕೊಂಡವರು ಅದಕ್ಕೊಬ್ಬ ಎಂಜಿನಿಯರನ್ನು ನೇಮಿಸಲಿಲ್ಲ, ಏಕೆಂದರೆ ಟನಲಪ್ಪ ಇದ್ದ. ಸಾಲನ್ನು ಎಲ್ಲರಿಗೂ ಬರೆದುಕೊಟ್ಟ ಮರುದಿನ ಅವನ ಫೋನು ಬಡಿದುಕೊಳ್ಳುವುದು ನಿಲ್ಲುತ್ತದೆ. ಆಗ ಉಳಿಯುವುದು ಅಧ್ಯಾಯ ಐದು. ಯಾರಿಗಾದರೂ ಭಯವಾಗುತ್ತದೆ.

ಆದರೂ ಅವನು ಒಂದು ದಿನ ಥೀಸಿಸ್ ಸಲ್ಲಿಸುತ್ತಾನೆ, ಕ್ಲಸ್ಟರಿನ ಖಾತೆ ಮುಚ್ಚುತ್ತದೆ, ಖಾತೆಯ ಜೊತೆಗೆ ಸ್ಕ್ರಿಪ್ಟುಗಳೂ ಹೋಗುತ್ತವೆ. ಪ್ಯಾರಾವ್ಯೂ ಇದಕ್ಕೆ ಮೊದಲೇ ಪರಿಹಾರ ಇಟ್ಟಿದೆ. ಸರ್ವರಿನ ವಿಳಾಸ, ಪೋರ್ಟು, ಟನಲ್ ಕೊರೆಯುವ ಆಜ್ಞೆ ಎಲ್ಲವನ್ನೂ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಟ್ಟರೆ ಕನೆಕ್ಟ್ ಕಿಟಕಿಯಿಂದಲೇ ಉಳಿದವರು ಅದನ್ನು ತುಂಬಿಕೊಳ್ಳಬಹುದು. ಟನಲಪ್ಪನ ಲ್ಯಾಪ್‌ಟಾಪಿನಲ್ಲಿ ಆ ಕಡತ ಇದ್ದೇ ಇದೆ. ತನಗಾಗಿ ಅವನೂ ಪ್ರತಿ ಸಲ ಉದ್ದನೆಯ ಸಾಲು ಟೈಪಿಸುವುದಿಲ್ಲ. ಲಿನಕ್ಸಿನಲ್ಲಿ ಅದರ ಜಾಗ ಹೋಮ್ ಡೈರೆಕ್ಟರಿಯ ಡಾಟ್ ಕಾನ್ಫಿಗ್ ಒಳಗಿನ ಪ್ಯಾರಾವ್ಯೂ ಫೋಲ್ಡರು, ಹೆಸರು ಸರ್ವರ್ಸ್ ಡಾಟ್ ಪಿವಿಎಸ್‌ಸಿ. ನಿಮ್ಮ ಟನಲಪ್ಪನಿಗೆ ಒಂದು ಕಾಫಿ ಕೊಡಿಸಿ, ಅದರ ಪ್ರತಿಯೊಂದನ್ನು ಈ ವಾರವೇ ಕೇಳಿ ಪಡೆಯಿರಿ. ಪೋರ್ಟ್ ಸಂಖ್ಯೆಯನ್ನು ಮಾತ್ರ ಬದಲಿಸಿಕೊಳ್ಳಿ. 11111ರಲ್ಲಿ ಅವನದೊಂದು ಸರ್ವರ್ ಇನ್ನೂ ಕಾಯುತ್ತಿರುತ್ತದೆ.