ಕಂಡೆನ್ಸರ್ ಸಹವಾಸ

ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ ಎಂದು ಕೇಂದ್ರ ಸರ್ಕಾರ 2025ರಲ್ಲಿ ಬರೆ ಎಳೆದಿದ್ದೇ ತಡ, ಹಳೇ ಕಾರಿನವರಿಗೆ ‘ಇಷ್ಟು ಸುರಿದ ಮೇಲೆ ಇನ್ನೊಂದಿಷ್ಟು ಸುರಿಯೋಣ’ ಎಂಬ ಹುಕಿ ಬಂದಿದೆ. ತಿರುಮಣಿಯ ಯಜಮಾನರೊಬ್ಬರು ತಮ್ಮ ಪೆಟ್ರೋಲ್ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಾಕ್ಸ್ ತರಿಸಿದ್ದಾರೆ. ಡೆಲ್ಕೋ (ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು, ಕೆಲಸ ಕಳೆದುಕೊಳ್ಳಲಿರುವ ಪಾಯಿಂಟನ್ನು ಮಾತಿಗೆಳೆದೆವು.

ನಿಮ್ಮನ್ನು ಬಿಚ್ಚಿ ಬಾಕ್ಸ್ ಹಾಕುತ್ತಾರಂತೆ. ಬೇಜಾರಿಲ್ಲವೇ?

ಬಾಕ್ಸ್ ಮೇಲೆ ನಂಗೇನೂ ಇಲ್ಲ ಸಾರ್. ಒಳ್ಳೇ ಮನೆತನದ ಹುಡುಗ. ನನ್ನ ತಕರಾರು ಇಲ್ಲಿ ಪಕ್ಕದಲ್ಲೇ ಕೂತವನಲ್ಲ, ಕಂಡೆನ್ಸರ್, ಅವನ ಮೇಲೆ.

ಅವರ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಕೆಲಸ?

ಬಾಯಿ ಮುಚ್ಚೋದು, ತೆಗೆಯೋದು. ಮುಚ್ಚಿದಾಗ ಬ್ಯಾಟರಿಯ 12 ವೋಲ್ಟಿನ ಕರೆಂಟು ಕಾಯಿಲಿನಲ್ಲಿ ಹರಿಯುತ್ತೆ. ತೆಗೆದ ಗಳಿಗೆ ಅದು ಕಡಿದು, ಕಾಯಿಲು ಸಾವಿರಾರು ವೋಲ್ಟ್ ಉಗಿಯುತ್ತೆ, ಪ್ಲಗ್ಗಲ್ಲಿ ಕಿಡಿ. ನಾಲ್ಕು ಸಿಲಿಂಡರ್ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ನಾನು 6000 ಸಲ ಬಾಯಿ ತೆಗೀಬೇಕು. ಐದು ವರ್ಷಕ್ಕೊಂದು ಸಲವೂ ತೆಗೆಯದ ಶಾಸಕರಿದ್ದಾರೆ, ಬಿಡಿ. ತೆಗೆದಾಗೆಲ್ಲ ನನ್ನ ತುಟಿ ಸುಡದಂಗೆ ಕಾಯೋನು ಕಂಡೆನ್ಸರ್. ಕಾಯ್ತಾನಾ? ಈಗ ಬರೋವು ಎಷ್ಟೋ ಡಬ್ಬಿಯಲ್ಲೇ ಸತ್ತಿರ್ತವೆ. ಅವನು ಕೈ ಕೊಟ್ಟರೆ ನನ್ನ ಮುಖ ಕಪ್ಪಿಟ್ಟು, ಒಂದು ಕಡೆ ಗುಂಡಿ, ಇನ್ನೊಂದು ಕಡೆ ದಿಬ್ಬ. ಗಾಡಿ ಮಿಸ್ಸಿಂಗ್. ಮೆಕ್ಯಾನಿಕ್ ಇಣುಕಿ ‘ಪಾಯಿಂಟ್ ಹೋಗಿದೆ ಸಾರ್’ ಅಂತಾನೆ. ಹೋಗಿದ್ದು ಯಾರು, ಹೆಸರು ಯಾರದ್ದು!

ಬಂಕಿನಲ್ಲಿ ಈಗ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ...

ಅದು ಕಾರ್ಬ್ಯುರೇಟರ್ ಮನೆ ವಿಚಾರ. ಆ ಓಣಿಗೆ ನಾವು ಹೋಗಲ್ಲ. ಕಂಡೆನ್ಸರ್ ವಿಚಾರ ಇನ್ನೂ ಮುಗಿದಿಲ್ಲ.

ನೀವು 12 ವೋಲ್ಟಿಗೇ ಇಷ್ಟು ಜಂಬ ಪಡುತ್ತೀರಿ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು, ರಾಯಚರ್ಲು ಸೇರಿ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. 2,050 ಮೆಗಾವಾಟ್!

ಅದಕ್ಕೂ ನಂಗೂ ಏನು ಸಂಬಂಧ ಸಾರ್?

ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಗುತ್ತಿಗೆ, 28 ವರ್ಷ. ಬಾಕ್ಸ್ ಬಂದಿದ್ದು ಆ ದುಡ್ಡಲ್ಲೇ ತಾನೇ?

ಇರಬಹುದು. ನೀವು ಸೋಲಾರ್ ಸಂದರ್ಶನಕ್ಕೆ ಬಂದಿದ್ದರೆ ಬೇಲಿ ಆ ಕಡೆ ಐತೆ.

ಸರಿ, ಸರಿ. ಬಾಕ್ಸ್ ಹಾಕಿಸುವುದು ಲಾಭವೋ ದಂಡವೋ?

ನ್ಯಾಯವಾಗಿ ಹೇಳ್ತೀನಿ. ನನ್ನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆಯುತ್ತೆ, 15 ಥೌ ಇಟ್ಟ ಗ್ಯಾಪು ಕಮ್ಮಿಯಾಗುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ. ಬಾಕ್ಸಿಗೆ ಉಜ್ಜೋ ಭಾಗವೇ ಇಲ್ಲ, ಮ್ಯಾಗ್ನೆಟ್ ಹಾದುಹೋದಾಗ ಕರೆಂಟು ಕಡಿಯುತ್ತೆ. ಡೆಲ್ಕೋ ಶಾಫ್ಟಿನ ಬುಷ್ ಸವೆದಿದ್ದರೆ ನನ್ನ ಗ್ಯಾಪು ಕುಡುಕನ ಹೆಜ್ಜೆ. ಬಾಕ್ಸು ಅದನ್ನೂ ಒಂದು ಮಟ್ಟಕ್ಕೆ ಸಹಿಸುತ್ತೆ. ದಿನಾ ಮಧುಗಿರಿಗೆ ಹೋಗಿಬರೋರು ಧಾರಾಳವಾಗಿ ಹಾಕಿಸಲಿ. ಆದರೆ ಅಡ್ವಾನ್ಸ್ ವೇಟಿನ ಸ್ಪ್ರಿಂಗು ಜೋತುಬಿದ್ದು, ವ್ಯಾಕ್ಯೂಮ್ ಡಯಾಫ್ರಂ ಹರಿದಿದ್ದರೆ ಬಾಕ್ಸಿನ ಅಪ್ಪ ಬಂದರೂ ಗಾಡಿ ಎಳೆಯಲ್ಲ. ಹಾಕಿಸಿದ ದಿನ ‘ಆಹಾ, ಏನ್ ಪಿಕಪ್ಪು’ ಅಂತಾರಲ್ಲ, ಬಹಳ ಸಲ ಅದು ಬಾಕ್ಸಿನ ಮಹಿಮೆಯಲ್ಲ. ಆ ನೆಪದಲ್ಲಿ ಯಾರೋ ಒಬ್ಬ ಟೈಮಿಂಗ್ ಸರಿಯಾಗಿ ಇಟ್ಟಿರ್ತಾನೆ, ಅಷ್ಟೇ.

ಇನ್ನೊಂದು. ನಾನು ಕೆಡೋ ಮುಂಚೆ ಕೆಮ್ಮಿ ಹೇಳ್ತೀನಿ. ಬೆಂಕಿಪೊಟ್ಟಣದ ಪಕ್ಕದಲ್ಲಿ ತಿಕ್ಕಿ ಮನೆ ಸೇರಬಹುದು. ಬಾಕ್ಸು ಮಟಮಟ ಮಧ್ಯಾಹ್ನ ವೈ.ಎನ್. ಹೊಸಕೋಟೆ ದಾರೀಲಿ ನಿಂತರೆ ನಿಂತೇ ಹೋಯಿತು. ನನ್ನನ್ನ ಉಳಿಸ್ಕೊಂಡು, ಭಾರ ಮಾತ್ರ ಟ್ರಾನ್ಸಿಸ್ಟರಿಗೆ ಹೊರಿಸೋ ಬಾಕ್ಸೂ ಐತೆ. ಅದು ಬಂದರೆ ನನ್ನ ತುಟಿ ಸುಡಲ್ಲ. ಕಂಡೆನ್ಸರ್ ಬೇಕೇ ಆಗಲ್ಲ! ಯಜಮಾನರು ಅದನ್ನ ಯಾಕೆ ತರಿಸಲಿಲ್ಲ ಅಂತ ಒಂದು ಮಾತು ಕೇಳಿ.

50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿದ್ದರೆ ವಿಂಟೇಜ್ ಎನ್ನುತ್ತದೆ 2021ರ ನಿಯಮ. ಬಾಕ್ಸ್ ಬಂದರೆ...

ಡೆಲ್ಕೋ ಮುಚ್ಚಳದೊಳಗೆ ಯಾರು ಇಣುಕ್ತಾರೆ ಸಾರ್? ನೀವೊಬ್ಬರೇ.

ಹಾಗಾದರೆ ಯಜಮಾನರಿಗೆ ಈಗಲೇ ಬಾಕ್ಸ್ ಬೇಕಾಗಿದ್ದಾದರೂ ಏಕೆ? ಇಷ್ಟು ಕಾಲ ನಿಮ್ಮಿಂದಲೇ ನಡೆಯುತ್ತಿತ್ತಲ್ಲ?

ನನ್ನ ಗ್ಯಾಪು ಇಡ್ತಿದ್ದವನು ಇಲ್ಲ, ಅದಕ್ಕೆ.

ಯಾರವರು?

ಈ ಕಾರಿನ ಡ್ರೈವರ್. ಫೀಲರ್ ಗೇಜನ್ನ ಬನಿಯನ್ನಿಗೆ ಒರೆಸಿ, ನನ್ನ ಬಾಯೊಳಗೆ ತೂರಿಸಿ, ಸ್ಕ್ರೂ ಬಿಗಿದ ಮೇಲೆ ಇನ್ನೊಂದು ಸಲ ತೂರಿಸಿ ನೋಡೋನು. ಬಿಗೀವಾಗ ಗ್ಯಾಪು ಜರುಗುತ್ತೆ ಅಂತ ಅವನಿಗೆ ಗೊತ್ತಿತ್ತು. ಅವನಿಗೆ ಒಂದು ಗುಂಟೆ ಜಮೀನಿಲ್ಲ. ಹೆಂಡತಿ ಯಜಮಾನರದೇ ಹೊಲದಲ್ಲಿ ಕಡ್ಲೇಕಾಯಿ ಕಳೆ ತೆಗೆಯೋಳು, ಕೀಳೋಳು. ಹೊಲ ಪ್ಯಾನೆಲ್ಲಿಗೆ ಹೋಯಿತು. ಗುತ್ತಿಗೆ ದುಡ್ಡು ಪಹಣೀಲಿ ಹೆಸರಿದ್ದೋರಿಗೆ ಬಂತು. ಕಳೆ ಕೀಳೋಳ ಹೆಸರು ಯಾವ ಪಹಣೀಲಿರುತ್ತೆ? ಕುರಿಯೋರಿಗೆ ಬೇಲಿ ಅಡ್ಡ. ಪ್ಯಾನೆಲ್ ತೊಳೆಯೋ, ಹುಲ್ಲು ಕೊಯ್ಯೋ ಕೆಲಸ ಕೆಲವರಿಗೆ ಸಿಕ್ಕಿತು. ಇವನಿಗೆ ಸಿಗಲಿಲ್ಲ. ಇಬ್ಬರೂ ಬೆಂಗಳೂರು ಬಸ್ ಹತ್ತಿದರು.

ಜಮೀನು ಕಿತ್ಕೊಳ್ಳದೆ ಗುತ್ತಿಗೆಗೆ ಪಡೆದಿದ್ದು ದೇಶಕ್ಕೇ ಮಾದರಿ ಅಂತ ಭಾಷಣ ಆಯಿತಲ್ಲ, ಆ ಮಾದರೀಲಿ ಕೂಲಿಯೋರ ಕಾಲಂ ಎಲ್ಲಿತ್ತು? ಮೆಗಾವಾಟ್ ಎಣಿಸಿದೋರು ಇವರನ್ನ ಯಾಕೆ ಎಣಿಸಲಿಲ್ಲ? ನೀವೂ ಈಗ ಎಕರೆ, ರೂಪಾಯಿ, ವರ್ಷ ಎಲ್ಲ ಬಾಯಿಪಾಠ ಒಪ್ಪಿಸಿದ್ರಿ. ಇವರ ಲೆಕ್ಕ ನಿಮ್ಮ ಹತ್ರ ಇತ್ತಾ?

...

ಇಲ್ಲ ಅಲ್ವಾ. ಬರ್ಕೊಳ್ಳಿ.

ಬರೆದುಕೊಂಡೆವು. ಯಜಮಾನರಿಗೆ ಏನಾದರೂ ಹೇಳಬೇಕೆ?

ಬಾಕ್ಸ್ ಹಾಕಿಸಲಿ, ನನ್ನನ್ನ ಪ್ಲೇಟ್ ಸಮೇತ ಡಿಕ್ಕೀಲಿ ಇಟ್ಕೊಳ್ಳಲಿ. ಬ್ಯಾಟರಿ ವೈರು ಉಲ್ಟಾ ಕೊಟ್ಟರೆ ಬಾಕ್ಸು ಢಂ ಅನ್ನುತ್ತೆ, ಅದೂ ತಿಳಿದಿರಲಿ. ಮತ್ತೆ, ಕೀ ಆನ್ ಮಾಡಿಟ್ಟು ಟೀ ಕುಡಿಯೋಕೆ ಹೋಗಿದ್ದಾರಲ್ಲ, ಮೊದಲು ಬಂದು ಆಫ್ ಮಾಡೋಕೆ ಹೇಳಿ. ಕಾಯಿಲು ಕಾದು ಹೆಂಚಾಗಿ ಕೂತೈತೆ.