ಸಶಿಶು ಶಿಬಿರಯಾನ ಮೀಮಾಂಸೆ

ಮೂರು ಅಥವಾ ನಾಲ್ಕು ವರ್ಷದ ಒಂದು ಮಗು, ಅದರ ತಂದೆತಾಯಿ, ಸಾಲದ ಕಂತು ಇನ್ನೂ ತೀರದ ಒಂದು ಕಾರು, ಬಿಚ್ಚುವುದು ಗೊತ್ತಿದ್ದು ಮಡಿಸುವುದು ಗೊತ್ತಿಲ್ಲದ ಒಂದು ಟೆಂಟು, ಇವಿಷ್ಟೂ ಒಟ್ಟಾಗಿ ಬೆಂಗಳೂರಿನಿಂದ ಹೊರಟು ಒಂದು ರಾತ್ರಿಯನ್ನು ಬಯಲಿನಲ್ಲಿ ಕಳೆದು ಹಿಂತಿರುಗುವ ಕ್ರಿಯೆಗೆ ಸಶಿಶು ಶಿಬಿರಯಾನವೆಂದು ಹೆಸರು. ‘ಸಶಿಶು’ ಎಂಬ ವಿಶೇಷಣವನ್ನು ತೆಗೆದರೆ ಉಳಿಯುವುದು ವಿಹಾರ, ಸೇರಿಸಿದರೆ ಆಗುವುದು ದಂಡಯಾತ್ರೆ. ಈ ವ್ಯತ್ಯಾಸವನ್ನು ಅರಿಯದೆ ಹೊರಟು ನೆಲಮಂಗಲ ದಾಟುವಷ್ಟರಲ್ಲಿ ಅರಿತವರ ಸಂಖ್ಯೆ ದೊಡ್ಡದಾದ್ದರಿಂದ ಈ ಶಾಸ್ತ್ರದ ಅಗತ್ಯ ಹುಟ್ಟಿತು. ಯಾವುದೇ ಶಾಸ್ತ್ರಕ್ಕೆ ಒಬ್ಬ ‘ಅಧಿಕಾರಿ’, ಅಂದರೆ ಅದನ್ನು ಕಲಿಯಲು ಯೋಗ್ಯನಾದವನು, ಇರಬೇಕೆಂಬುದು ನಿಯಮ. ಅದರಂತೆ ಚಾರಣಿಗರು, ಅವಿವಾಹಿತರು ಮತ್ತು ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗುವ ಚತುರ ದಂಪತಿಗಳು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ, ಅವರು ಸುಖವಾಗಿದ್ದಾರೆ.

ಮೊದಲು ಶಬ್ದವಿಚಾರ. ಬಯಲಲ್ಲಿ ತಂಗುವುದಕ್ಕೆ ಕನ್ನಡದಲ್ಲಿ ಮಾತಿಲ್ಲವೆಂದು ತಿಳಿದು ‘ಕ್ಯಾಂಪಿಂಗ್’ ಎನ್ನುವವರು ಚಿಕ್ಕಮಗಳೂರಿನ ದಾರಿಯಲ್ಲಿ ಹಳೇಬೀಡಿನ ಫಲಕವನ್ನು ಓದದೆ ದಾಟಿದವರು. ಕೆಡುವುದರಿಂದ ಕೇಡು, ಪಡುವುದರಿಂದ ಪಾಡು ಆದಂತೆ ಬಿಡುವುದರಿಂದ ಬೀಡು. ಸೈನ್ಯವೋ ಅರಸನೋ ಇಳಿದು ತಂಗುವ ತಾಣವೆಂದು ಅದರ ಅರ್ಥ. ಕೇಡು ಮತ್ತು ಪಾಡುಗಳು ಬೀಡಿನ ಒಡಹುಟ್ಟಿದ ಶಬ್ದಗಳೆಂಬುದನ್ನು ಟೆಂಟು ಕೊಳ್ಳುವ ಮೊದಲೇ ಗಮನಿಸುವುದು ಒಳಿತು. ಅರಸನು ಸ್ಥಿರವಾಗಿ ನಿಂತ ಬೀಡಿಗೆ ಶಾಸನಗಳು ‘ನೆಲೆವೀಡು’ ಎನ್ನುತ್ತವೆ, ಮತ್ತು ಅಲ್ಲಿ ಅವನು ‘ಸುಖಸಂಕಥಾವಿನೋದದಿಂದ’, ಅಂದರೆ ಹಿತವಾದ ಮಾತುಕತೆಯ ಸಂತೋಷದಲ್ಲಿ, ಆಳುತ್ತಿದ್ದನೆಂದು ರೂಢಿಯ ಮಾತಿನಲ್ಲಿ ಹೇಳುತ್ತವೆ. ಆ ಒಂದು ಸಮಾಸದಿಂದಲೇ ಅರಸನ ಹಿಂದಿನ ಸೀಟಿನಲ್ಲಿ ಮಗು ಇರಲಿಲ್ಲವೆಂದು ನಿರ್ಧರಿಸಬಹುದು. ಹೊಯ್ಸಳರ ರಾಜಧಾನಿ ದೋರಸಮುದ್ರವು 1311ರಲ್ಲಿ ಮಲಿಕ್ ಕಾಫರನ ದಾಳಿಗೆ ಸಿಕ್ಕಿ, ಮುಂದೆ ದೆಹಲಿಯ ಸೈನ್ಯದಿಂದ ಮತ್ತೊಮ್ಮೆ ಹಾಳಾಗಿ, ಜನ ಬಿಟ್ಟುಹೋದ ಮೇಲೆ ಹಳೇಬೀಡು ಎನಿಸಿತು.

ಕ್ಯಾಂಪು ಎಂಬ ಮಾತೂ ಕನ್ನಡಕ್ಕೆ ಹೊಸದೇನಲ್ಲ. ಅಧಿಕಾರಿ ಕಚೇರಿಯಲ್ಲಿಲ್ಲದಿದ್ದರೆ ಅವರು ಕ್ಯಾಂಪಿನಲ್ಲಿರುತ್ತಾರೆ. ಅಜ್ಜಂದಿರ ಕಣ್ಣಿನ ಪೊರೆ ಕ್ಯಾಂಪಿನಲ್ಲಿ ಹೋಗುತ್ತದೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿದು ನೀರಾವರಿ ಬಂದಂತೆ ಆಂಧ್ರದ ಕಡೆಯಿಂದ ಬಂದು ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಭತ್ತ ಬೆಳೆಯಲು ನೆಲೆಸಿದ ರೈತರ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರಿದ್ದು, ಮೂರು ತಲೆಮಾರು ಕಳೆದರೂ ಆ ಕ್ಯಾಂಪುಗಳನ್ನು ಯಾರೂ ಬಿಚ್ಚಿ ಮಡಿಸಿಲ್ಲ. ಬೆಂಗಳೂರಿಗಂತೂ ದಂಡು ಎಂಬ ರೈಲು ನಿಲ್ದಾಣವೇ ಇದೆ. ದಂಡು ಎಂದರೆ ಸೈನ್ಯ, ಅದು ಬೀಡುಬಿಟ್ಟ ಜಾಗ. ಕೊನೆಯ ಉಕಾರ ಬಿದ್ದುಹೋದರೆ ದಂಡ, ಅಂದರೆ ವ್ಯರ್ಥವಾಗಿ ತೆತ್ತ ಹಣ. ಈ ಎರಡು ಶಬ್ದಗಳ ನಡುವೆ ಒಂದು ವಾರಾಂತ್ಯದ ಅಂತರವಿದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪೂರ್ವಪಕ್ಷವೆಂದರೆ ಖಂಡಿಸುವುದಕ್ಕಾಗಿಯೇ ಎತ್ತಿ ಹಿಡಿಯುವ ಎದುರಾಳಿಯ ವಾದ. ಸಂಸಾರ ಸಮೇತ ಬಯಲಲ್ಲಿ ಮಲಗುವುದು ಈಚಿನ ಶೋಕಿ, ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಎಂಬುದು ಆ ವಾದ. ಇದು ನಿಲ್ಲುವುದಿಲ್ಲ. ಬುತ್ತಿ ಕಟ್ಟಿಕೊಂಡು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟಿನೊಂದಿಗೆ ಬಾದಾಮಿಯ ಬನಶಂಕರಿಗೋ ಸವದತ್ತಿಯ ಎಲ್ಲಮ್ಮನಿಗೋ ಗಾಡಿ ಹೂಡಿಕೊಂಡು ಹೋಗಿ, ಗಾಡಿಯ ಕೆಳಗೆ ಕೂಸುಗಳನ್ನು ಮಲಗಿಸಿದವರು ಯಾವ ಉಪಕರಣವನ್ನೂ ಕೊಳ್ಳದೆ ಇದನ್ನು ಮಾಡಿದ್ದರು. ಲಂಬಾಣಿಗರ ‘ತಾಂಡಾ’ ಇಂದು ಊರಿನ ಹೆಸರಾದರೂ ಮೂಲದಲ್ಲಿ ಸರಕು ಹೇರಿಕೊಂಡು ನಡೆಯುವ ಎತ್ತುಗಳ ಸಾಲಿಗೆ ಸಂದ ಮಾತು. ಉತ್ತರ ಕರ್ನಾಟಕದ ಕುರಿಗಾರರು ಹೆಂಡತಿ, ಮಕ್ಕಳು, ಕುದುರೆಯ ಮೇಲೆ ಕಟ್ಟಿದ ಕೋಳಿಯ ಸಮೇತ ತಿಂಗಳುಗಟ್ಟಲೆ ಸಂಚರಿಸಿ ಹೊಲದಿಂದ ಹೊಲಕ್ಕೆ ಮಂದೆ ನಿಲ್ಲಿಸುತ್ತಾರೆ, ಮತ್ತು ಹಿಕ್ಕೆಯಿಂದ ನೆಲಕ್ಕೆ ಗೊಬ್ಬರವಾಗುವುದರಿಂದ ಹೊಲದ ಒಡೆಯನೇ ಅವರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಬೆಂಗಳೂರಿನ ಸಂಸಾರವು ತೋಟದ ಮಾಲೀಕನಿಗೆ ತಾನೇ ಹಣ ಕೊಟ್ಟು ಮಲಗುತ್ತದೆ. ನೂತನತ್ವವಿರುವುದು ಮಲಗುವುದರಲ್ಲಲ್ಲ, ಹಣ ಹರಿಯುವ ದಿಕ್ಕಿನಲ್ಲಿ ಎಂಬುದು ಸಿದ್ಧಾಂತ.

ಸಾಮಾನು ಮೂರು ಬಗೆಯದು: ಬೇಕಾಗುವುದು, ಬೇಕಾಗಬಹುದಾದದ್ದು, ಬೇಕಾಗದಿರಲಿ ಎಂಬ ಹರಕೆಯಿಂದ ಒಯ್ಯುವುದು. ಕುಕ್ಕರು, ಹುರಿದ ರವೆ, ಕಂಬಳಿ, ಕೆಮ್ಮಿನ ಔಷಧ, ಒಂದು ಕಿವಿ ಹರಿದ ಗೊಂಬೆ ಮೊಲ ಇವುಗಳಲ್ಲಿ ಯಾವುದು ಯಾವ ವರ್ಗಕ್ಕೆ ಸೇರಿದ್ದೆಂದು ಮನೆಯಲ್ಲಿ ನಿರ್ಧರಿಸಲಾಗದು. ಡಿಕ್ಕಿಯ ತಳದಲ್ಲಿ ಯಾವುದು ಸಿಕ್ಕಿಬಿದ್ದಿದೆಯೋ ಅದೇ ಮೊದಲನೆಯ ವರ್ಗದ್ದೆಂದು ದಾರಿಯಲ್ಲಿ ತಿಳಿಯುತ್ತದೆ, ಮತ್ತು ಅದು ಬಹುಮಟ್ಟಿಗೆ ಮೊಲವೇ ಆಗಿರುತ್ತದೆ. ಹೊರಡುವಾಗ ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಡುವುದು ವಿಧಿ. ಐದನೆಯದನ್ನು ಓಕರಿಕೆ ಬಂದಾಗ ಮೂಸಲು ಕಾರಿನೊಳಗೆ ಇಟ್ಟುಕೊಳ್ಳುವುದು ವಿವೇಕ.

ಯಾನದ ಹೃದಯಭಾಗವಿರುವುದು ಹಿಂದಿನ ಸೀಟಿನಿಂದ ಬರುವ ‘ಬಂತಾ?’ ಎಂಬ ಪ್ರಶ್ನೆಯಲ್ಲಿ. ಬೆಂಗಳೂರಿನಿಂದ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಹಾದು ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್; ಈ ಪ್ರಶ್ನೆಯ ಮೊದಲ ಪ್ರಯೋಗ ಪೀಣ್ಯದ ಮೇಲ್ಸೇತುವೆಯ ಮೇಲೆ ದಾಖಲಾಗುತ್ತದೆ. ಅದಕ್ಕೆ ಕೊಡುವ ಉತ್ತರ ‘ಇನ್ನೇನು ಬಂತು’. ಇಲ್ಲಿ ವೈಯಾಕರಣರು ನಿಂತು ನೋಡಬೇಕಾದ ಸಂಗತಿಯಿದೆ. ‘ಬಂತು’ ಎಂಬುದು ರೂಪದಲ್ಲಿ ಭೂತಕಾಲ, ಅಂದರೆ ಕ್ರಿಯೆ ಮುಗಿದಿದೆ. ಅರ್ಥದಲ್ಲಿ ಭವಿಷ್ಯತ್ತು, ಅಂದರೆ ಇನ್ನೂ 230 ಕಿಲೋಮೀಟರ್ ಇದೆ. ಅಡುಗೆಮನೆಯಿಂದ ‘ಬಂದೆ’ ಎಂದವರು ಬಂದಿರುವುದಿಲ್ಲ, ‘ಹೊರಟೆ’ ಎಂದು ಫೋನಿನಲ್ಲಿ ಹೇಳುವವರು ಸ್ನಾನಕ್ಕೂ ಇಳಿದಿರುವುದಿಲ್ಲ. ಆಗಬೇಕಾದ ಕ್ರಿಯೆಯನ್ನು ಆಗಿಹೋಯಿತೆಂದು ಹೇಳಿ ಎದುರಿನವರನ್ನು ಸಮಾಧಾನಪಡಿಸುವ ಈ ಕಾಲಕ್ಕೆ ‘ಸಾಂತ್ವನ ಭೂತ’ ಎಂದು ಹೆಸರಿಡಬಹುದು. ಕೇಶಿರಾಜನ ‘ಶಬ್ದಮಣಿದರ್ಪಣ’ 13ನೆಯ ಶತಮಾನದ್ದಾದುದರಿಂದ ಹಿಂದಿನ ಸೀಟಿನ ಕ್ರಿಯಾಪದಗಳು ಅದರಲ್ಲಿ ಸೇರದಿರುವುದು ಕ್ಷಮಾರ್ಹ. ಮಗುವಾದರೋ ವ್ಯಾಕರಣವನ್ನು ಶುದ್ಧವಾಗಿ ಕಲಿಯುತ್ತಿರುವ ಪ್ರಾಣಿ. ಬಂತು ಎಂದರೆ ಬಂದಿದೆ ಎಂದೇ ಅದು ತಿಳಿಯುತ್ತದೆ, ಬಾಗಿಲು ತೆಗೆಯಲು ಹೊರಡುತ್ತದೆ, ಬಾಗಿಲಿಗೆ ಬೀಗವಿರುವುದನ್ನು ಕಂಡು ಅಳುತ್ತದೆ, ಮತ್ತು ಕುಣಿಗಲ್ ಹೊತ್ತಿಗೆ ಹಿರಿಯರ ಭೂತಕಾಲವನ್ನು ನಂಬುವುದನ್ನು ಬಿಡುತ್ತದೆ.

ವಿಭಕ್ತಿಯ ವಿಷಯದಲ್ಲೂ ಯಾನವು ಶಿಕ್ಷಣಪ್ರದ. ‘ಗೆ, ಇಗೆ, ಕ್ಕೆ’ ಎಂಬ ಚತುರ್ಥೀ ಪ್ರತ್ಯಯಗಳು ಸಂಖ್ಯೆಯ ಮೇಲೆ ಬಂದಾಗ, ಮಕ್ಕಳಿರುವ ಮನೆಯಲ್ಲಿ, ಲೆಕ್ಕದ ಅರ್ಥ ಕಳೆದುಕೊಂಡು ಶರೀರಬಾಧೆಯ ಅರ್ಥ ಪಡೆಯುತ್ತವೆ: ಒಂದಕ್ಕೆ, ಎರಡಕ್ಕೆ. ಹೋಟೆಲಿನ ಶೌಚಾಲಯದ ಎದುರು ನಿಲ್ಲಿಸಿ ಮೂರು ಸಲ ಕೇಳಿದಾಗ ಇಲ್ಲವೆಂದ ಮಗುವಿಗೆ, ಮುಂದಿನ ಹತ್ತು ಕಿಲೋಮೀಟರ್‌ವರೆಗೆ ಕಾರು ನಿಲ್ಲಿಸಲು ಜಾಗವಿಲ್ಲದ ಕಡೆ ಒಂದಕ್ಕೆ ಬರುತ್ತದೆ. ಇಳಿಸಿ ನಿಲ್ಲಿಸಿದರೆ ಲಾರಿಗಳನ್ನು ಎಣಿಸುತ್ತ ಅದು ಬಂದ ಕೆಲಸವನ್ನು ಮರೆಯುತ್ತದೆ. ಟೋಲ್‌ಗೇಟುಗಳಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದದ್ದು ಸಾರಿಗೆ ದೃಷ್ಟಿಯಿಂದ ಸರಿಯಿರಬಹುದು, ಆದರೆ ಚಿಲ್ಲರೆಯ ಬದಲು ಚಾಕಲೇಟು ಕೈಗೆ ಬರುತ್ತಿದ್ದ ಪದ್ಧತಿ ಅದರೊಂದಿಗೆ ಅಳಿದದ್ದರಿಂದ ಹಿಂದಿನ ಸೀಟಿನ ಅರ್ಥವ್ಯವಸ್ಥೆಗೆ ಆದ ನಷ್ಟವನ್ನು ಯಾರೂ ಅಳೆದಂತಿಲ್ಲ.

ವಮನ ಪ್ರಕರಣವನ್ನು ಬೇಗ ಮುಗಿಸುವುದು ಲೇಸು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ದೇಹ ತಿರುಗಿದಾಗಲೆಲ್ಲ ಅವು ಮಿದುಳಿಗೆ ವರದಿ ಕಳಿಸುತ್ತವೆ. ಮೊಬೈಲಿನ ಪರದೆಯಲ್ಲಿ ನೆಟ್ಟ ಕಣ್ಣು ಏನೂ ಅಲುಗುತ್ತಿಲ್ಲವೆಂದು ಸಾಕ್ಷಿ ನುಡಿಯುತ್ತದೆ. ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗದಿರಲು ಮಿದುಳು ಪ್ರಕರಣವನ್ನು ಹೊಟ್ಟೆಗೆ ವರ್ಗಾಯಿಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಈ ವರ್ಗಾವಣೆ ವಿರಳ, ಅಲ್ಲಿಂದ ಹನ್ನೆರಡರವರೆಗೆ ಹೇರಳ. ಮುಂದಿನ ತಿರುವು ಯಾವ ಕಡೆಗೆಂದು ಮೊದಲೇ ಬಲ್ಲ ಚಾಲಕನಿಗೆ ಇದು ಸಾಮಾನ್ಯವಾಗಿ ಆಗುವುದಿಲ್ಲ, ಆದ್ದರಿಂದ ಸಹಾನುಭೂತಿಯೂ ಆಗುವುದಿಲ್ಲ. ಮುಳ್ಳಯ್ಯನಗಿರಿಗೆ ಏರುವ ರಸ್ತೆಗೆ ಕೈಮರ ಎಂಬಲ್ಲಿ ತಪಾಸಣೆ ಕೇಂದ್ರವಿದೆ. ಕೈಮರವೆಂದರೆ ದಾರಿ ತೋರುವ ಕಂಬ. ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಕವರು ತಾಯಿಯ ಕೈಯಲ್ಲೇ ಇರಬೇಕು, ಡಿಕ್ಕಿಯಲ್ಲಲ್ಲ.

ಬೀಡುಬಿಡುವ ಸ್ಥಳದ ನಿರ್ಣಯ ಸುಲಭ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತ್ಯುನ್ನತ ಶಿಖರವಾದರೂ ಅದನ್ನು ಹಗಲಲ್ಲಿ ನೋಡಿ ಇಳಿಯತಕ್ಕದ್ದು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೊಕ್ಕರೇ ಅಪರಾಧ, ಇನ್ನು ಅಲ್ಲಿ ಮಲಗುವ ಮಾತೆಲ್ಲಿ. ಹಾಗಾಗಿ ಶಿಬಿರವೆಂದರೆ ಊರಿಗೆ ಸಮೀಪದ ಕಾಫಿ ತೋಟವೊಂದರ ಹೋಂಸ್ಟೇ ಅಂಗಳ; ಬಿಸಿನೀರು, ಹಾಸಿಗೆ, ಅಕ್ಕಿರೊಟ್ಟಿ ಇರುವ ಕೋಣೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವು ಯಾವುದೂ ಇಲ್ಲದಂತೆ ನಟಿಸುತ್ತ ಮಲಗುವುದೇ ಪ್ರಕೃತಿಯ ಸಾನ್ನಿಧ್ಯ. ಚಳಿಯ ಸಿದ್ಧತೆಯ ಬಗ್ಗೆ ಒಂದು ಲೆಕ್ಕ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರಿನಲ್ಲಿ, ಚಿಕ್ಕಮಗಳೂರು ಸುಮಾರು 1,090ರಲ್ಲಿ ಇರುವುದರಿಂದ ವ್ಯತ್ಯಾಸ 1.1 ಡಿಗ್ರಿ. ಈ 1.1 ಡಿಗ್ರಿಗಾಗಿ ಮಗುವಿಗೆ ಎರಡು ಸ್ವೆಟರು, ಒಂದು ಮಂಕಿ ಟೋಪಿ, ಕೈಗವಸು, ಕಾಲುಚೀಲದ ಮೇಲೊಂದು ಕಾಲುಚೀಲ ತೊಡಿಸಲಾಗುತ್ತದೆ, ಮಗು ಬೆವರುತ್ತದೆ. ನಿಜವಾದ ಚಳಿ ಬರುವುದು ಎತ್ತರದಿಂದಲ್ಲ, ಮೋಡವಿಲ್ಲದ ಜನವರಿಯ ರಾತ್ರಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟ ನೆಲದಿಂದ. ಆ ನೆಲದ ಮೇಲೆ ಹಾಸಬೇಕಾದ ದಪ್ಪ ಚಾಪೆಯನ್ನು, ಜಾಗ ಸಾಲದೆಂದು, ಮನೆಯಲ್ಲಿ ಬಿಟ್ಟುಬರಲಾಗಿರುತ್ತದೆ.

ಟೆಂಟಿನ ಚೀಲದ ಮೇಲೆ ‘ನಾಲ್ವರಿಗೆ’ ಎಂದಿರುವುದು ನಿಜ. ನಾಲ್ವರೂ ವಯಸ್ಕರು, ನಾಲ್ವರೂ ಡಬ್ಬದಲ್ಲಿ ಜೋಡಿಸಿದ ಬಾಳಕದ ಮೆಣಸಿನಕಾಯಿಯಂತೆ ಒಂದೇ ದಿಕ್ಕಿಗೆ ಮಲಗಿ ಬೆಳಗಿನವರೆಗೆ ಮಗ್ಗುಲು ಬದಲಿಸದವರು ಎಂಬ ಕಲ್ಪನೆ ಅದರ ಹಿಂದಿದೆ. ಮಗು ಹಾಗಲ್ಲ. ಅದು ಗಡಿಯಾರದ ಮುಳ್ಳು: ತಲೆಯನ್ನು ಹನ್ನೆರಡರ ಕಡೆ ಇಟ್ಟು ಮಲಗಿಸಿದರೆ ನಡುರಾತ್ರಿಗೆ ಮೂರಕ್ಕೆ ಸರಿದು ಅದರ ಹಿಮ್ಮಡಿ ತಂದೆಯ ಪಕ್ಕೆಯನ್ನು ತಲುಪುತ್ತದೆ, ಆರಕ್ಕೆ ಬಂದಾಗ ಕಾಲಿನ ಹೆಬ್ಬೆರಳು ತಾಯಿಯ ಮೂಗಿನ ಸಮೀಪವಿರುತ್ತದೆ, ಒಂಬತ್ತರಲ್ಲಿ ತಾಯಿ ಟೆಂಟಿನ ಗೋಡೆಗೆ ಒತ್ತರಿಸಲ್ಪಡುತ್ತಾಳೆ. ಆ ಗೋಡೆ ಒದ್ದೆಯಾಗಿರುತ್ತದೆ. ಮಳೆ ಬಂದಿಲ್ಲ, ಒಬ್ಬ ಮನುಷ್ಯ ರಾತ್ರಿಯಿಡೀ ಉಸಿರಿನಲ್ಲಿ ಹೊರಹಾಕುವ ನೀರು ಹೆಚ್ಚುಕಡಿಮೆ ಒಂದು ಲೋಟ, ಅದು ತಣ್ಣಗಿನ ಬಟ್ಟೆಗೆ ತಾಗಿ ಹನಿಗಟ್ಟಿ ಹಣೆಯ ಮೇಲೆ ಬೀಳುತ್ತದೆ. ಜಿಪ್ಪನ್ನು ಸ್ವಲ್ಪ ತೆರೆದಿಟ್ಟರೆ ಇದಕ್ಕೆ ಪರಿಹಾರವುಂಟು, ಆದರೆ ಹುಲಿಯ ಭಯ. ಹುಲಿಯೆಂದು ತಿಳಿಯಲಾದದ್ದು ತೋಟದ ನಾಯಿಯೆಂದು ಮಗುವೇ ಮೊದಲು ಕಂಡುಹಿಡಿಯುತ್ತದೆ, ಅದನ್ನು ಒಳಗೆ ಕರೆಯಬೇಕೆಂದು ಹಟ ಹಿಡಿಯುತ್ತದೆ.

ಎರಡು ಗಂಟೆಗೆ ಚತುರ್ಥೀ ವಿಭಕ್ತಿ ಮತ್ತೆ ಬರುತ್ತದೆ. ತಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಇಬ್ಬನಿಯ ಹುಲ್ಲಿಗೆ ಇಳಿದಾಗ ಪಶ್ಚಿಮಕ್ಕೆ ವಾಲಿದ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಸಾಲಾಗಿ ಕಾಣುತ್ತವೆ, ಬೆಂಗಳೂರಿನಲ್ಲಿ ಕಾಣದ ಇನ್ನೆಷ್ಟೋ ಸುತ್ತ ಹರಡಿರುತ್ತವೆ, ಮತ್ತು 245 ಕಿಲೋಮೀಟರ್ ಬಂದದ್ದು ಇದಕ್ಕಾಗಿಯೇ ಎಂದು ಅವನಿಗೆ ಅರೆಗಳಿಗೆ ಅನ್ನಿಸುತ್ತದೆ. ಅವನು ಆಕಾಶವನ್ನು ತೋರಿಸುತ್ತಾನೆ. ಮಗು ಹೋಂಸ್ಟೇ ಜಗುಲಿಯ ಬಲ್ಬನ್ನು ತೋರಿಸಿ, ಅದನ್ನು ಯಾಕೆ ಆರಿಸಿಲ್ಲವೆಂದು ಕೇಳುತ್ತದೆ. ಮೂರು ಗಂಟೆಯ ನಂತರದ ವೃತ್ತಾಂತ ಕಾರಿನ ಸೀಟಿನಲ್ಲಿ ನಡೆಯುವುದರಿಂದ ಅದು ಶಿಬಿರಯಾನದ ವ್ಯಾಪ್ತಿಗೆ ಬರುವುದಿಲ್ಲ.

ಬೆಳಗಿನ ದರ್ಶನವೆಂಬುದು ಹಿರಿಯರ ಪಟ್ಟಿಯಂತೆ ಶಿಖರ, ಮಂಜು, ಸೂರ್ಯೋದಯ. ಮಗುವಿನ ಪಟ್ಟಿಯಂತೆ ಕಾಫಿ ಒಣಗಿಸುವ ಕಣದ ಪಕ್ಕ ಯಾವುದೋ ಕಾಮಗಾರಿಗೆಂದು ಸುರಿದಿದ್ದ ಜಲ್ಲಿಕಲ್ಲಿನ ಗುಡ್ಡೆ. ಶಿಖರಕ್ಕೆ ‘ಹ್ಞೂಂ’ ಎಂದು ಒಂದಕ್ಷರದ ಮನ್ನಣೆ ಕೊಟ್ಟ ಮಗು ಗುಡ್ಡೆಯ ಮುಂದೆ ಒಂದೂವರೆ ಗಂಟೆ ಕುಳಿತು, ಬಲಗಡೆಯ ಕಲ್ಲುಗಳನ್ನು ಒಂದೊಂದಾಗಿ ಎಡಕ್ಕೆ ಸಾಗಿಸಿ, ನಡುವೆ ದಾರಿ ತಪ್ಪಿದ ಒಂದು ಕಟ್ಟಿರುವೆಗೆ ಎಲೆಯ ಸೇತುವೆ ಹಾಕಿ, ಆಮೇಲೆ ಕಲ್ಲುಗಳನ್ನೆಲ್ಲ ಬಲಕ್ಕೆ ಮರಳಿಸುತ್ತದೆ. ಇಂಥ ಗುಡ್ಡೆ ಮನೆಯ ಬೀದಿಯ ಚರಂಡಿ ಕೆಲಸದ ಬಳಿ ಮೂರು ತಿಂಗಳಿಂದ ಬಿದ್ದಿದೆಯೆಂದು ತಾಯಿ ನೆನಪಿಸಿದರೆ, ಅದು ಈ ಗುಡ್ಡೆಯಲ್ಲವೆಂದು ಉತ್ತರ ಬರುತ್ತದೆ. ತರ್ಕದಲ್ಲಿ ಇದಕ್ಕೆ ಎದುರಿಲ್ಲ. ಹೊರಡುವ ಹೊತ್ತಿನ ಆಕ್ರಂದನದಲ್ಲಿ ಮುಷ್ಟಿಯೊಳಗೆ ಉಳಿದ ಒಂದು ಕಲ್ಲು ಮಂಗಳವಾರ ವಾಷಿಂಗ್ ಮಷೀನಿನಲ್ಲಿ ಸದ್ದು ಮಾಡುತ್ತದೆ. ಇತ್ತ ಅಂಗಳದಲ್ಲಿ ಟೆಂಟು ಎತ್ತಿದ ಜಾಗದಲ್ಲಿ ಹುಲ್ಲು ಚೌಕವಾಗಿ ಮಲಗಿರುತ್ತದೆ. ಇದಕ್ಕೆ ಪಾರಿಭಾಷಿಕವಾಗಿ ಹಳೇಬೀಡು ಎನ್ನಬಹುದು.

ಮರಳುವ ಯಾನದಲ್ಲಿ ಮಗು ಬೇಲೂರು ಬರುವ ಮೊದಲೇ ನಿದ್ದೆ ಹೋಗಿ ನೆಲಮಂಗಲದ ನಂತರ ಏಳುವುದರಿಂದ ಬರೆಯುವಂಥದ್ದೇನಿಲ್ಲ. ಶಾಸ್ತ್ರಕ್ಕೆ ಬೇಕಾದ ಕೊನೆಯ ಸಾಕ್ಷ್ಯ ಸಿಗುವುದು ಮನೆ ಸೇರಿದ ಮಾರನೆಯ ಸಂಜೆ, ನಡುಮನೆಯಲ್ಲಿ. ಎರಡು ಕುರ್ಚಿಗಳ ಬೆನ್ನಿನ ನಡುವೆ ಬೆಡ್‌ಶೀಟು ಇಳಿಬಿಟ್ಟು, ಅದರ ಅಂಚುಗಳ ಮೇಲೆ ಅಪ್ಪನ ಪುಸ್ತಕಗಳನ್ನು ಹೇರಿ, ಒಳಗೆ ಮೊಲವನ್ನು ಮಲಗಿಸಿಕೊಂಡು ಮಗು ಬೀಡುಬಿಟ್ಟಿರುತ್ತದೆ. ಅನ್ನ ಆರಿಹೋಗುತ್ತಿದೆ ಬಾ ಎಂದು ಅಡುಗೆಮನೆಯಿಂದ ಕರೆದರೆ ಒಳಗಿನಿಂದ ‘ಬಂದೆ’ ಎಂಬ ಸ್ಪಷ್ಟವಾದ ಉತ್ತರ ಬರುತ್ತದೆ. ಬೆಡ್‌ಶೀಟು ಮಾತ್ರ ಅಲುಗುವುದಿಲ್ಲ.