ಕಡತ ಉಳಿಯದಂತೆ ಕಾಪಾಡುವುದು ಹೇಗೆ

ಕಚೇರಿಯ ದಾಖಲೆ ತಾನಾಗಿ ನಾಶವಾಗುವುದಿಲ್ಲ. ಅದಕ್ಕೂ ಶಿಸ್ತು ಬೇಕು. ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ವರ್ಗವಾಗಿ ಬಂದ ಸಾಹೇಬರು ಇಲಿಯನ್ನೂ ಮಳೆಯನ್ನೂ ನಂಬಿ ಕೂತುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಯಾವ ಕಡತ ಮುಖ್ಯವೆಂದು ಇಲಿಗೆ ತಿಳಿಯುವುದಿಲ್ಲ. ಒಂದು ದಿನ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕಡೆ ಹೋಗಿ, ಇಳಿಯುವ ವಿಮಾನದ ಬಾಲವನ್ನು ದಿಟ್ಟಿಸಿ ನೋಡಿ. ಅದರೊಳಗೆ ಕಪ್ಪುಪೆಟ್ಟಿಗೆ ಇರುತ್ತದೆ. ಅದಕ್ಕೆ ಮಾಡಿದ್ದನ್ನೆಲ್ಲ ನಿಮ್ಮ ರೆಕಾರ್ಡ್ ರೂಮಿನಲ್ಲಿ ತಿರುಗಾಮುರುಗಾ ಮಾಡಿ. ಸೇವಾವಧಿ ಸುಸೂತ್ರವಾಗಿ ಮುಗಿಯುತ್ತದೆ.

ಬಣ್ಣದಿಂದ ಶುರು ಮಾಡಿ. ಹೆಸರಿಗಷ್ಟೇ ಅದು ಕಪ್ಪು. ಬಳಿದಿರುವುದು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ, ಅವಶೇಷಗಳ ನಡುವೆ ಬೇಗ ಸಿಗಲೆಂದು. ನೀವು ಎಲ್ಲ ಕಡತಗಳಿಗೂ ಒಂದೇ ಬಗೆಯ ರಟ್ಟು ಹಾಕಿಸಿ, ಒಂದೇ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿ. ಮೇಲೆ ಏನೂ ಬರೆಸಬೇಡಿ.

ಆಮೇಲೆ ಜಾಗ. ವಿಮಾನ ಮೂತಿ ಮುಂದಾಗಿ ಬಡಿದಾಗ ಮುಂಭಾಗ ಮುದುಡಿ ಪೆಟ್ಟನ್ನು ನುಂಗುತ್ತದೆ, ಬಾಲಕ್ಕೆ ತಲುಪುವುದು ಉಳಿದದ್ದು. ಆದ್ದರಿಂದ ಪೆಟ್ಟಿಗೆ ಅಲ್ಲಿ. ನಿಮ್ಮ ಕಡತಗಳಿಗೆ ಮೀಟರ್ ಬೋರ್ಡಿನ ಕೆಳಗಿನ ಜಾಗ ಕೊಡಿ, ಪಕ್ಕದಲ್ಲೇ ಚಹಾ ಕಾಸುವ ಒಲೆ ಇರಲಿ. ಅಟೆಂಡರ್ ಬಂದು, "ಸರ, ವೈರ್ ಸುಟ್ಟ ವಾಸನಿ ಬರಾಕತ್ತೇತ್ರಿ" ಎಂದರೆ, "ನೋಡೂಣ ತಗೋ" ಎನ್ನಿ.

ಹೊದಿಕೆಯ ವಿಷಯದಲ್ಲಿ ಮಾತ್ರ ಅವಸರ ಬೇಡ, ಇದನ್ನು ಚೆನ್ನಾಗಿ ಅರಿತುಕೊಳ್ಳಿ. ಪೆಟ್ಟಿಗೆಯೊಳಗೆ ನಿಜವಾಗಿ ಕಾಯಬೇಕಾದದ್ದು ಒಂದು ಹಿಡಿಯಷ್ಟು ಮೆಮೊರಿ ಚಿಪ್ಪುಗಳು. ಅವುಗಳ ಸುತ್ತ ಶಾಖ ತಡೆಯುವ ದಪ್ಪ ಪದರ, ಅದರಾಚೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ಕವಚ. ಒಪ್ಪಿಗೆ ಕೊಡುವ ಮೊದಲು ಅದನ್ನು ಗುರುತ್ವದ 3,400 ಪಟ್ಟು ಬಲದಲ್ಲಿ ಬಡಿಯುತ್ತಾರೆ. ಉಕ್ಕಿನ ಮೊಳೆ ಕಟ್ಟಿದ 227 ಕಿಲೋ ಭಾರವನ್ನು 3 ಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. 2,270 ಕಿಲೋ ಭಾರದಲ್ಲಿ 5 ನಿಮಿಷ ಅದುಮುತ್ತಾರೆ. 1,100 ಡಿಗ್ರಿಯ ಜ್ವಾಲೆಯಲ್ಲಿ 1 ತಾಸು ಸುಡುತ್ತಾರೆ. ಅಷ್ಟಕ್ಕೂ ಬಿಡದೆ 260 ಡಿಗ್ರಿಯ ನಿಧಾನ ಕಾವಿನಲ್ಲಿ 10 ತಾಸು ಬೇಯಿಸುತ್ತಾರೆ. ನಿಮಗೆ ಇಷ್ಟು ಖರ್ಚಿಲ್ಲ. ಕಾಗದ 230 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳುತ್ತದೆ. ಪ್ಲೈವುಡ್ಡಿನ ಕಪಾಟು ಕೊಳ್ಳಿ, ತಿಜೋರಿಗೆ ಅಂದಾಜುಪಟ್ಟಿ ಬಂದರೆ "ಅನುದಾನ ಲಭ್ಯವಿಲ್ಲ" ಎಂದು ಷರಾ ಬರೆದು ಹಿಂದಿರುಗಿಸಿ.

ದಾಖಲೆ ಉಳಿದರೆ ಏನಾಗುತ್ತದೆಂದು ಅನುಮಾನವಿದ್ದರೆ ಮಂಗಳೂರನ್ನು ನೆನೆಯಿರಿ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿದ್ದು ಉರಿಯಿತು. ಒಳಗಿದ್ದ 166 ಜನರಲ್ಲಿ ಉಳಿದವರು 8. ಪೆಟ್ಟಿಗೆಗಳೂ ಉಳಿದವು. ಎರಡು ತಾಸಿನ ಧ್ವನಿಮುದ್ರಣದ ಬಹುಭಾಗದಲ್ಲಿ ಪೈಲಟ್‌ಗಳ ನಡುವೆ ಮಾತೇ ಇಲ್ಲ, ಕ್ಯಾಪ್ಟನ್ನರ ಗೊರಕೆ ಇದೆ. ಕೊನೆಯಲ್ಲಿ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದ ಸಹಪೈಲಟ್‌ನ ದನಿ ಇದೆ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಅದನ್ನು ಕೇಳಿಸಿಕೊಂಡು ವರದಿಯಲ್ಲಿ ಬರೆಯಿತು. ಕಿರಿಯನೊಬ್ಬ "ಬೇಡ" ಅಂದದ್ದು ದಾಖಲಾದರೆ ಹಿರಿಯರ ಗತಿ ಇದು. ಹಾಗಾಗಿ ಟೆಂಡರಿಗೆ ಆಕ್ಷೇಪ ಎತ್ತುವ ಎಫ್‌ಡಿಎಯನ್ನು ಚೇಂಬರಿಗೆ ಕರೆಸಿ, ಚಹಾ ಕುಡಿಸಿ, ಬಾಯಿಮಾತಿನಲ್ಲೇ ಮುಗಿಸಿ. ಟಿಪ್ಪಣಿ ಹಾಳೆಯಲ್ಲಿ "ಚರ್ಚಿಸಲಾಯಿತು" ಎಂದಷ್ಟೇ ಇರಲಿ. ಸಿಸಿ ಕ್ಯಾಮೆರಾ ಸದಾ ರಿಪೇರಿಯಲ್ಲಿರಲಿ.

ಪ್ರತಿ ಒಂದೇ ಇಡಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದಲ್ಲಿ ಮುಂದೊಂದು, ಹಿಂದೊಂದು ಪೆಟ್ಟಿಗೆ ಇದ್ದವು. ಹಿಂದಿನದು ತೀರಾ ಜಖಂಗೊಂಡು ಎಂದಿನ ರೀತಿಯಲ್ಲಿ ಓದಲು ಬರಲಿಲ್ಲ. ಆದರೆ ಮುಂದಿನದು ಸುಮಾರು 49 ತಾಸಿನ ಮಾಹಿತಿ ಒಪ್ಪಿಸಿತು. ಎರಡನೆಯ ಪ್ರತಿ ಎಂಬುದು ಇಂಥ ಮನೆಮುರುಕ. ಸ್ಕ್ಯಾನ್ ಮಾಡಿಸಿ ಎಂದು ಸುತ್ತೋಲೆ ಬಂದರೆ ಸ್ಕ್ಯಾನರ್ ಕೊಳ್ಳಿ, ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಡಿ. ರದ್ದಿಗೆ ಹಾಕುವ ಯೋಚನೆಯನ್ನಂತೂ ಬಿಡಿ. ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುವವರು ಕಟ್ಟಿಕೊಟ್ಟ ಕಾಗದವನ್ನೂ ಓದುತ್ತಾರೆ.

ನೀರಿಗೆ ಬಿದ್ದ ಪೆಟ್ಟಿಗೆ ಸೆಕೆಂಡಿಗೊಮ್ಮೆ ಸದ್ದು ಹೊರಡಿಸಿ ತಾನಿರುವ ಜಾಗ ಹೇಳುತ್ತದೆ. ಹಿಂದೆ 30 ದಿನ ಕೂಗುತ್ತಿತ್ತು, ಈಗ 90 ದಿನ. ನಿಮಗೂ 2005ರ ಮಾಹಿತಿ ಹಕ್ಕು ಕಾಯ್ದೆ 30 ದಿನ ಕೊಟ್ಟಿದೆ. 29 ದಿನ ಸುಮ್ಮನಿರಿ. ಮರುದಿನ, "ಕೋರಿದ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ" ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಬೆಂಕಿ ಬಿದ್ದ ದಿನ ಧಾರವಾಡದಲ್ಲಿ ಮೀಟಿಂಗ್ ಹಾಕಿಕೊಂಡಿರಿ. ಅಗ್ನಿಶಾಮಕ ದಳದವರು ಪೈಪು ಬಿಚ್ಚುವ ಮೊದಲೇ "ಶಾರ್ಟ್ ಸರ್ಕ್ಯೂಟ್" ಎಂದುಬಿಡಿ.

ಇಷ್ಟಾದರೂ ಒಂದು ಉಳಿದಿರುತ್ತದೆ, ಪಳಗಿದವರೂ ಇಲ್ಲಿ ಎಡವುತ್ತಾರೆ. ಪ್ರತಿ ಕಚೇರಿಯಲ್ಲೂ ಮೂವತ್ತು ವರ್ಷ ಒಂದೇ ಕುರ್ಚಿ ಸವೆಸಿದ ಗುಮಾಸ್ತರೊಬ್ಬರು ಇರುತ್ತಾರೆ. ಹತ್ತು ಸಾಹೇಬರ ಕಾವು ಕಂಡವರು, ನಾಲ್ಕೂ ಕಡೆಯ ಒತ್ತಡ ತಿಂದವರು. ಯಾವ ನಿವೇಶನ ಯಾರ ಹೆಸರಿಗೆ ಯಾವ ಮಂಗಳವಾರ ಹೋಯಿತೆಂದು ಕಡತ ನೋಡದೆ ಹೇಳಬಲ್ಲವರು. ಅವರನ್ನು ವರ್ಗ ಮಾಡಿಸಬೇಡಿ, ನೆನಪೂ ಜೊತೆಗೇ ಹೋಗಿ ಇನ್ನೊಂದು ಊರಲ್ಲಿ ಬಾಯಿಬಿಡುತ್ತದೆ. ನಿವೃತ್ತಿಯವರೆಗೆ ಕಾಯಿರಿ. ಅದ್ದೂರಿ ಬೀಳ್ಕೊಡುಗೆ ಏರ್ಪಡಿಸಿ. ಶಾಲು ಹೊದಿಸಿ, ಹಾರ ಹಾಕಿ, ಎರಡು ಕಿಲೋ ಫೇಡೆ ಕೈಗಿಡಿ, ಅವರ ಸೇವೆಯನ್ನು ನೀವೇ ಬಾಯಿತುಂಬ ಹೊಗಳಿ. ಅವರು, "ನಾನೂ ಎರಡ ಮಾತ ಹೇಳ್ತೇನ್ರಿ ಸರ" ಎಂದು ಎದ್ದು ನಿಂತರೆ, ಕರೆಂಟ್ ಹೋಗಿದೆ ಎನ್ನಿ.